ಪರೀಕ್ಷೆಯ ಭಾರ

ಲಿಫ್ಟಿನವನು ಪುಕ್ಕಲ. ಪುಕ್ಕಲುತನ ಹಳತಾಗಿ ಗಟ್ಟಿಯಾದರೆ ಕಲ್ಲುಮನಸ್ಸಾಗುತ್ತದೆ. ಅವನಿಗೆ ಅದೂ ಆಗಿತ್ತು. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಓಣಿಯವರು ಹೇಳುತ್ತಿದ್ದರು. ಆ ಮಾತು ಅವನಿಗೆ ಸರಿಯಾಗಿ ಹೊಂದುವುದಿಲ್ಲ. ಜಿಪುಣನಾದವನು ತನ್ನದನ್ನು ಕೊಡುವುದಿಲ್ಲ. ಇವನ ಹತ್ತಿರ ಯಾರೂ ಅವನದೇನನ್ನೂ ಕೇಳಿರಲಿಲ್ಲ. ಕೇಳಿದ್ದು ಇಷ್ಟೇ: ಹೇಗೂ ಗೇಟು ದಾಟಿ ಹೋಗುತ್ತೀಯ, ಈ ಕಾಗದವನ್ನು ಆ ಕಡೆಯ ಅಂಚೆ ಡಬ್ಬಿಗೆ ಹಾಕು, ಈ ಚೀಟಿ ತೋರಿಸಿ ಕೆಮ್ಮಿನ ಔಷಧ ತಾ. ಹದಿನಾಲ್ಕು ವರ್ಷಗಳಲ್ಲಿ ಅವನು ಒಂದು ಕಾಗದ ಹಾಕಲಿಲ್ಲ, ಒಂದು ಬಾಟಲಿ ತರಲಿಲ್ಲ.

ಓಣಿಯವರಿಗೆ ಸರ್ಕಾರದ ದಾಖಲೆಗಳಲ್ಲಿದ್ದ ಹೆಸರು ಮಿತ ಸಂಚಾರ ವರ್ಗ. ಅವರ ಅಜ್ಜಂದಿರು ಮನೆಯೊಳಗೆ ಬೇರೆ ಮಾತಾಡುತ್ತಿದ್ದರು, ದೇವರನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಮೊಮ್ಮಕ್ಕಳು ಊರಿನ ಮಾತನ್ನೇ ಆಡುತ್ತಿದ್ದರು, ಅವರಲ್ಲಿ ಅರ್ಧ ಜನ ದೇವರನ್ನು ಕರೆಯುವುದನ್ನೇ ಬಿಟ್ಟಿದ್ದರು. ಆದರೂ ಪಟ್ಟಿಗೆ ಒಮ್ಮೆ ಹತ್ತಿದ ಹೆಸರು ಇಳಿಯಲಿಲ್ಲ. ಮಿತವಾಗಿ ತಿನ್ನು, ಮಿತವಾಗಿ ಮಾತಾಡು ಎಂದು ಹಿರಿಯರು ಹೇಳಿಹೋಗಿದ್ದರು, ಮಿತವಾಗಿ ನಡೆ ಎನ್ನಲು ಸರ್ಕಾರವೇ ಬರಬೇಕಾಯಿತು ಎಂದು ಓಣಿಯ ಮುದುಕರು ನಗುತ್ತಿದ್ದರು. ಓಣಿಗೆ ಒಂದು ಗೇಟು. ಅದನ್ನು ದಾಟಲು ರಹದಾರಿ ಬೇಕು. ರಹದಾರಿ ಬೇಕಾದರೆ ಕಾರಣ ಬೇಕು. ಕಾರಣ ಸಾಕೋ ಸಾಲದೋ ಎಂದು ಹೇಳುವವರು ಗೇಟಿನ ಆಚೆ ಇದ್ದರು. ಅವರ ಕಚೇರಿಗೆ ಹೋಗಿಬರಲು ಮಾತ್ರ ಗೇಟಿನಲ್ಲೇ ಒಂದು ಬಿಲ್ಲೆ ಕೊಡುತ್ತಿದ್ದರು, ತಿಂಗಳಿಗೊಂದು ದಿನ.

ಲಿಫ್ಟಿನವನಿಗೆ ಕಾರಣವಿತ್ತು. ನಗರದ ಹಳೆಯ ಕಟ್ಟಡಗಳಲ್ಲಿದ್ದ ಕಂಬಿ ಬಾಗಿಲಿನ ಲಿಫ್ಟುಗಳನ್ನು ಬಿಚ್ಚಿ ಜೋಡಿಸಬಲ್ಲವರು ಆರೇಳು ಮಂದಿ ಉಳಿದಿದ್ದರು, ಅವರಲ್ಲಿ ಇವನೊಬ್ಬ. ಅವನ ರಹದಾರಿಯಲ್ಲಿ ಬೀದಿಗಳ ಹೆಸರನ್ನು ಬರೆದು ನಡುವೆ ಬಾಣದ ಗುರುತು ಹಾಕಿದ್ದರು. ಬೆಳಿಗ್ಗೆ ಆರರಿಂದ ಸಂಜೆ ಆರು. ಕೊನೆಯ ಸಾಲು: ಸಲಕರಣೆ ಚೀಲ ಒಂದು, ಬೇರೇನೂ ಇಲ್ಲ. ಬಾಣ ಹೋದಲ್ಲೇ ಅವನು ಹೋದ. ಬಿಸಿಲಿದ್ದರೂ ನೆರಳಿನ ಬದಿಗೆ ದಾಟಲಿಲ್ಲ. ಗೇಟಿನಿಂದ ನೋಡುತ್ತಿದ್ದವರು ಅವನಿಗೆ ತೂಗುಗುಂಡು ಎಂದು ಹೆಸರಿಟ್ಟರು. ಗೋಡೆ ನೆಟ್ಟಗಿದೆಯೇ ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಆ ಗುಂಡು. ಕರೆಯುವಾಗ ಬರೀ ಗುಂಡು. ಅವನು ಸಣಕಲು ಮನುಷ್ಯನಾದ್ದರಿಂದ ಹೆಸರು ಇನ್ನಷ್ಟು ಚೆನ್ನಾಗಿ ನಿಂತಿತು.

ಅವನ ಹೆಂಡತಿಯ ಬಾಯಿ ಅವನಷ್ಟು ಬಿಗಿಯಿರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಕೆಣಕಿದರೆ, ನಮ್ಮ ಮನೆಯವರು ದಿನಾ ಮೇಲಕ್ಕೆ ಹೋಗ್ತಾರೆ, ಅಲ್ಲೂ ಬೇಡ ಅಂತ ಸಂಜೆ ವಾಪಸ್ಸು ಕಳಿಸ್ತಾರೆ, ನಾನೇನು ಮಾಡಲಿ ಎನ್ನುತ್ತಿದ್ದಳು. ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅವಳು ನಗುತ್ತಿರಲಿಲ್ಲ. ಪಕ್ಕದ ಮನೆಯ ಮಗು ಕೆಮ್ಮಿ ಕೆಮ್ಮಿ ಸೊರಗಿದ ವರ್ಷ ಅವಳು ಗಂಡನ ಜೊತೆ ನಲವತ್ತು ದಿನ ಮಾತು ಬಿಟ್ಟಿದ್ದಳು. ಮಗು ಉಳಿಯಿತು, ಮಾತೂ ಮತ್ತೆ ಬಂತು. ಪಕ್ಕದ ಮನೆಯವರು ಮಾತ್ರ ಇವರ ಬಾಗಿಲಿಗೆ ಬರಲಿಲ್ಲ.

ಅವನ ಪರವಾಗಿ ಹೇಳಬಹುದಾದದ್ದು ಒಂದಿದೆ. ಹಿಂದೆ ಗೋಡೆಗೆ ಬಣ್ಣ ಹೊಡೆಯುವವರಿಗೂ ರಹದಾರಿ ಇತ್ತು, ನಲವತ್ತಕ್ಕೂ ಹೆಚ್ಚು ಜನರಿಗೆ. ಅವರಲ್ಲಿ ಒಬ್ಬನ ಸುಣ್ಣದ ಡಬ್ಬಿಯ ತಳದಲ್ಲಿ ಯಾರದೋ ಕಾಗದ ಸಿಕ್ಕಿತು. ಮದುವೆಯ ಮಾತುಕತೆಯ ಕಾಗದ, ಬೇರೇನಲ್ಲ. ಮರುದಿನ ಅಷ್ಟೂ ಜನರ ರಹದಾರಿ ರದ್ದಾಯಿತು, ಇವತ್ತಿಗೂ ರದ್ದು. ಆದರೆ ಲಿಫ್ಟಿನವನು ಈ ಕಾರಣವನ್ನು ಯಾರಿಗೂ ಹೇಳಿದವನಲ್ಲ. ಚೀಲದಲ್ಲಿ ಜಾಗವಿಲ್ಲ ಎಂದಷ್ಟೇ ಹೇಳುತ್ತಿದ್ದ. ಭಯವನ್ನು ಭಯವೆಂದು ಒಪ್ಪಿಕೊಂಡಿದ್ದರೆ ಜನ ಕ್ಷಮಿಸುತ್ತಿದ್ದರೇನೋ. ಅವರೆಲ್ಲರಿಗೂ ಅದು ಇತ್ತು.

ಅವನಿಗೊಬ್ಬ ಅಕ್ಕ. ಹನ್ನೆರಡು ವರ್ಷ ದೊಡ್ಡವಳು. ತಾಯಿ ಹೋದ ಮೇಲೆ ಅವನ ತಲೆ ಬಾಚಿದವಳೂ ಬೆನ್ನಿಗೆ ಗುದ್ದಿದವಳೂ ಅವಳೇ. ಓಣಿಯ ಇನ್ನೊಂದು ತುದಿಯಲ್ಲಿ ಒಂಟಿ ಕೋಣೆಯಲ್ಲಿದ್ದು, ಷರ್ಟಿನ ಕಾರ್ಖಾನೆಯವರಿಗೆ ಕಾಜಾ ಹೊಲಿದುಕೊಡುತ್ತಿದ್ದಳು. ಬೆರಳು ಇನ್ನೂ ಚುರುಕಾಗಿದ್ದವು, ಮಂಡಿಗಳು ಹೋಗಿದ್ದವು. ಕಾಲು ಕೈಕೊಟ್ಟಿತು ಎಂದು ಅವಳೇ ನಗೆಯಾಡುತ್ತಿದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು, ರಹದಾರಿಯ ಕಾನೂನು ಬರುವ ಮುಂಚೆ ಮದುವೆಯಾಗಿ, ರೈಲಿನಲ್ಲಿ ಮೂರು ಗಂಟೆಯ ದಾರಿಯ ಒಂದು ಊರಿಗೆ ಹೋದವಳು, ಆಮೇಲೆ ಅಲ್ಲಿನ ಓಣಿಯವಳಾದಳು. ತಾಯಿ ಮಗಳು ಮುಖ ನೋಡಿ ಹದಿನೈದು ವರ್ಷ.

ಆ ವರ್ಷ ಅಳಿಯನಿಂದ ಕಾಗದ ಬಂತು. ಗೇಟಿನಲ್ಲಿ ಒಡೆದು ಓದಿ ಮತ್ತೆ ಅಂಟಿಸಿ ಕೊಡುವಷ್ಟರಲ್ಲಿ ಇಪ್ಪತ್ತಮೂರು ದಿನ ಹಳತಾಗಿತ್ತು. ಮಗಳ ಹೊಟ್ಟೆಯಲ್ಲಿ ಗಡ್ಡೆ, ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ, ಅಮ್ಮನನ್ನು ಕೇಳುತ್ತಿದ್ದಾಳೆ. ಮೂರೇ ಸಾಲು. ಅಕ್ಕ ಉತ್ತರ ಬರೆಸಿಕೊಂಡು ತಮ್ಮನ ಮನೆಗೆ ಬಂದಳು. ಅವನು ಕೆಲಸಕ್ಕೆ ಹೊರಟಿದ್ದ.

"ಬರ್ತೀನಿ ಅಂತ ಬರೆಸಿದ್ದೀನಿ, ಅಷ್ಟೇ ಕಣೋ. ಆ ಕಡೆಯಿಂದ ಹಾಕಿದರೆ ನಾಳಿದ್ದು ಸಿಗುತ್ತೆ ಅವಳಿಗೆ."

"ಚೀಲದಲ್ಲಿ ಜಾಗ ಇಲ್ಲ ಅಕ್ಕ."

"ಕಾಗದಕ್ಕೆ ಎಷ್ಟು ಜಾಗ ಬೇಕೋ?"

ಅವನು ಬೂಟಿನ ದಾರ ಕಟ್ಟುತ್ತಿದ್ದ. ಒಂದು ಕಾಲಿನದು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ. ಅಕ್ಕ, ನಿನ್ನನ್ನು ಹೊತ್ತು ತಿರುಗಿದ ಸೊಂಟಕ್ಕೆ ಇದಾಗಬೇಕಾದದ್ದೇ ಎಂದು ಹೇಳಿ ಗೋಡೆ ಹಿಡಿದುಕೊಂಡು ಹೊರಟುಹೋದಳು. ಹೆಂಡತಿ ಒಳಗೆ ಪಾತ್ರೆ ಕುಕ್ಕಿದಳು. ಅಂದಿನಿಂದ ಅಕ್ಕ ಅವನ ಮನೆಗೆ ಬರಲಿಲ್ಲ. ಕಾಗದವನ್ನು ಗೇಟಿನ ಡಬ್ಬಿಗೇ ಹಾಕಿದಳು. ಆಮೇಲೆ ರಹದಾರಿಗೆ ಅರ್ಜಿ ಹಾಕಲು ಹೊರಟಳು.

ರಹದಾರಿ ಕಚೇರಿ ಐದಂತಸ್ತಿನ ಕಟ್ಟಡ. ಕೌಂಟರ್ ಇದ್ದದ್ದು ಐದನೆಯದರಲ್ಲಿ. ಮುಂಬಾಗಿಲಿನ ಎದುರಿಗೇ ಲಿಫ್ಟು, ಅದರ ಕಂಬಿಗೆ ತಂತಿಯಲ್ಲಿ ಕಟ್ಟಿದ ತಗಡು: ಸಿಬ್ಬಂದಿಗೆ ಮಾತ್ರ. ಅರ್ಜಿದಾರರಿಗೆ ಹಿಂದಿನ ಮೆಟ್ಟಿಲು. ಬೆಳಿಗ್ಗೆ ಎಂಟಕ್ಕೆ ಕೆಳಗೆ ಸಂಖ್ಯೆಯ ಚೀಟಿ ಕೊಟ್ಟು ಹತ್ತರಿಂದ ಮೇಲೆ ಕೂಗುತ್ತಿದ್ದರು. ಮೂರು ಸಲ ಕೂಗಿದಾಗ ಆ ಸಂಖ್ಯೆಯವರು ಕೌಂಟರಿನ ಮುಂದೆ ಇಲ್ಲದಿದ್ದರೆ ಇನ್ನು ಮುಂದಿನ ತಿಂಗಳು. ಮೆಟ್ಟಿಲ ಮೇಲೆ ಕೂರುವ ಹಾಗಿಲ್ಲ ಎಂಬ ನಿಯಮವೂ ಇತ್ತು, ಅದನ್ನು ಮಾತ್ರ ಯಾರೂ ಜಾರಿ ಮಾಡುತ್ತಿರಲಿಲ್ಲ; ಮಾಡಬೇಕಾದವರು ಮೆಟ್ಟಿಲು ಹತ್ತಿ ಬರಬೇಕಿತ್ತಲ್ಲ. ಮೊದಲ ತಿಂಗಳು ಅಕ್ಕ ಮೇಲೆ ತಲುಪುವಷ್ಟರಲ್ಲಿ ಅವಳ ಸಂಖ್ಯೆ ಕೂಗಿ ಮುಗಿದಿತ್ತು. ಎರಡನೆಯ ತಿಂಗಳು ಮೂರನೇ ಅಂತಸ್ತಿನ ತಿರುವಿನಲ್ಲಿ ಕೂತವಳು ಏಳಲಾಗಲಿಲ್ಲ. ಇಬ್ಬರು ಅಪರಿಚಿತರು ಕುರ್ಚಿಯ ಹಾಗೆ ಕೈ ಹೆಣೆದು ಅವಳನ್ನು ಇಳಿಸಿದರು.

ಮೂರನೆಯ ತಿಂಗಳು ಅವಳ ಸರದಿಯ ದಿನ, ಲಿಫ್ಟಿನವನು ಅದೇ ಕಟ್ಟಡದಲ್ಲಿ ಕೆಲಸದಲ್ಲಿದ್ದ. ಕಾಕತಾಳೀಯ ಎನ್ನುವಷ್ಟು ದೊಡ್ಡದೇನಲ್ಲ. ಆ ಲಿಫ್ಟು ನಾಲ್ಕು ದಿನದಿಂದ ಕೆಟ್ಟಿತ್ತು, ಸಿಬ್ಬಂದಿಯೂ ಮೆಟ್ಟಿಲು ಹತ್ತುತ್ತಿದ್ದರು, ಹಾಗಾಗಿ ಇಡೀ ಕಚೇರಿ ಸಿಡಿಮಿಡಿಗುಟ್ಟುತ್ತಿತ್ತು. ಪೆಟ್ಟಿಗೆ ಪ್ರತಿ ಅಂತಸ್ತಿನಲ್ಲೂ ನೆಲಕ್ಕಿಂತ ನಾಲ್ಕು ಬೆರಳು ಕೆಳಗೆ ಜಾರಿ ನಿಲ್ಲುತ್ತಿತ್ತು. ಬ್ರೇಕಿನ ಪಟ್ಟಿ ಸವೆದಿದೆ ಎಂದು ಅವನಿಗೆ ಶಬ್ದದಿಂದಲೇ ಗೊತ್ತಾಗಿತ್ತು. ಎರಡು ದಿನ ಚಾವಣಿಯ ಮೇಲಿನ ಯಂತ್ರದ ಕೋಣೆಯಲ್ಲಿ ಕೂತು ಹಳೆಯ ಪಟ್ಟಿ ಕಿತ್ತು, ಹೊಸದನ್ನು ಉಜ್ಜಿ ಕೂರಿಸಿ, ಸ್ಪ್ರಿಂಗು ಬಿಗಿಮಾಡಿ, ಪೆಟ್ಟಿಗೆಯ ನೆಲವೂ ಅಂತಸ್ತಿನ ನೆಲವೂ ಒಂದೇ ಗೆರೆಗೆ ಬರುವಂತೆ ಮಾಡಿದ. ಅಂಗೈಯಿಂದ ಆ ಸಂದನ್ನು ಸವರಿ ನೋಡುವುದು ಅವನ ಅಭ್ಯಾಸ. ಈ ಲೋಕದಲ್ಲಿ ಅವನಿಗೆ ಸುಖ ಕೊಡುತ್ತಿದ್ದ ವಿಷಯ ಬಹುಶಃ ಅದೊಂದೇ.

ಬೆಳಿಗ್ಗೆ ಚೀಟಿಯ ಸಾಲಿನಲ್ಲಿ ಅಕ್ಕ ನಿಂತಿದ್ದನ್ನು ಅವನು ಕಂಡಿದ್ದ. ಅವಳೂ ಕಂಡಿದ್ದಳು. ಅವನು ಚೀಲ ಹೆಗಲಿಗೇರಿಸಿಕೊಂಡು ಮುಂದೆ ನಡೆದ.

ಹತ್ತೂವರೆಗೆ ಕಚೇರಿಯ ಸೂಪರಿಂಟೆಂಡೆಂಟ್ ಬಂದು ಲಿಫ್ಟು ಆಯಿತೇ ಎಂದು ಕೇಳಿದರು. ಮಧ್ಯಾಹ್ನ ಹನ್ನೆರಡಕ್ಕೆ ಮೇಲಿನ ಸಾಹೇಬರು ತಪಾಸಣೆಗೆ ಬರುವವರಿದ್ದರು. ಆಯಿತು, ಭಾರದ ಪರೀಕ್ಷೆ ಬಾಕಿ ಎಂದ ಲಿಫ್ಟಿನವನು. ಬ್ರೇಕು ಬದಲಿಸಿದ ಮೇಲೆ ಪೂರ್ತಿ ಭಾರ ಹೇರಿ ಮೇಲಕ್ಕೂ ಕೆಳಕ್ಕೂ ಓಡಿಸಿ ನೋಡದೆ ಲಿಫ್ಟನ್ನು ಬಿಟ್ಟುಕೊಡುವಂತಿಲ್ಲ. ಅದಕ್ಕೆಂದೇ ಕಂಪನಿಯಲ್ಲಿ ಇಪ್ಪತ್ತು ಕಿಲೋದ ಕಬ್ಬಿಣದ ಗುಂಡುಗಳಿದ್ದವು. ಅವನ ರಹದಾರಿಯ ಪ್ರಕಾರ ಅವನು ಅವುಗಳನ್ನು ತರುವಂತಿಲ್ಲ, ಕಂಪನಿಯ ಗಾಡಿಯೇ ತರಬೇಕು. ಗಾಡಿ ಬೇರೆಲ್ಲೋ ಹೋಗಿತ್ತು, ನಾಳೆ ಬರುತ್ತದೆ.

"ನಾಳೆಯಾ? ಸಾಹೇಬರನ್ನು ನಾನು ಹೊತ್ತುಕೊಂಡು ಹತ್ತಲಾ?" ಎಂದರು ಸೂಪರಿಂಟೆಂಡೆಂಟ್. ಅವರು ಅವನನ್ನು ಕರೆಯುತ್ತಿದ್ದದ್ದೇ ಲಿಫ್ಟು ಎಂದು. "ಏ ಲಿಫ್ಟು, ಎಷ್ಟು ಭಾರ ಬೇಕು ನಿನಗೆ?"

"ಐನೂರ ನಲವತ್ತನಾಲ್ಕು ಕಿಲೋ ಸಾರ್. ಎಂಟು ಜನದ ಲೆಕ್ಕ."

"ಜನ ಆದರೂ ನಡೆಯುತ್ತಾ?"

"ನಡೆಯುತ್ತೆ."

ಸೂಪರಿಂಟೆಂಡೆಂಟ್ ಒಳಗೆ ಹೋಗಿ ಗುಮಾಸ್ತರನ್ನು ಕೇಳಿದರು. ಒಬ್ಬನಿಗೆ ತಲೆಸುತ್ತು, ಇನ್ನೊಬ್ಬನಿಗೆ ಚಿಕ್ಕ ಮಕ್ಕಳಿದ್ದರು, ಮೂರನೆಯವನು ಲಿಖಿತ ಆದೇಶ ಕೊಡಿ ಎಂದ. ಸೂಪರಿಂಟೆಂಡೆಂಟ್ ಹೊರಗೆ ಬಂದು, ಸಿಬ್ಬಂದಿಯನ್ನು ಹತ್ತಿಸುವುದು ಬೇಡ, ಅಪಾಯ ಎಂದರು.

"ಮೆಟ್ಟಿಲ ಮೇಲೆ ಇದ್ದಾರಲ್ಲ ಸಾರ್," ಎಂದ ಲಿಫ್ಟಿನವನು. ಮಾತು ಹೊರಬಿದ್ದ ಮೇಲೆಯೇ ಅದು ತನ್ನ ಬಾಯಿಂದ ಬಂದದ್ದೆಂದು ಅವನಿಗೆ ತಿಳಿದದ್ದು.

ಸೂಪರಿಂಟೆಂಡೆಂಟ್ ಕಂಬಿಗೆ ಕಟ್ಟಿದ ತಗಡನ್ನು ನೋಡಿದರು, ಗಡಿಯಾರ ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ, ಯೋಚಿಸಿಯೇ ಹೇಳಿದರು: "ಅವರು ಆಗಬಹುದು."

ಲಿಫ್ಟಿನವನು ಮೆಟ್ಟಿಲ ಕಡೆ ಹೋದ. ಕೆಳಗಿನಿಂದ ಎರಡನೇ ಅಂತಸ್ತಿನ ತಿರುವಿನವರೆಗೆ ಜನ ಕೂತಿದ್ದರು, ಗೋಡೆಗೆ ಒರಗಿದ್ದರು. ಮೊದಲಿಗೆ ಕಂಡವರು ಇಬ್ಬರು ಮೂಟೆ ಹೊರುವವರು, ಒಬ್ಬೊಬ್ಬನೂ ತೊಂಬತ್ತು ಕಿಲೋಕ್ಕೆ ಕಡಿಮೆಯಿಲ್ಲ. ಅವನು ಅವರನ್ನು ದಾಟಿ ಹೋದ. ಊರುಗೋಲಿನ ಮುದುಕನೊಬ್ಬನನ್ನು ಏಳಿ ಎಂದ. ಉಸಿರಿಗೆ ಸಿಕ್ಕಿಕೊಂಡಿದ್ದ ಒಬ್ಬ ಹೆಂಗಸನ್ನು ಏಳಿ ಎಂದ. ಒಂಬತ್ತು ತಿಂಗಳ ಬಸುರಿಯೊಬ್ಬಳು ತಾನೇ ಎದ್ದಳು. ಹತ್ತನೆಯ ಮೆಟ್ಟಿಲಿನಲ್ಲಿ ಅಕ್ಕ ಮಂಡಿಗೆ ಸೆರಗು ಸುತ್ತಿಕೊಂಡು ಕೂತಿದ್ದಳು. ಅವಳಿಗೂ ಅವನು ಅದೇ ದನಿಯಲ್ಲಿ, ಏಳಿ ಎಂದ. ಹುಟ್ಟಿದಾಗಿನಿಂದ ಅವಳಿಗೆ ಬಹುವಚನ ಹಚ್ಚಿದವನಲ್ಲ. ಅಕ್ಕ ಅವನ ಮುಖ ನೋಡಿದಳು, ಅವನ ತೋಳು ಹಿಡಿದು ಎದ್ದಳು.

ಸೂಪರಿಂಟೆಂಡೆಂಟಿಗೆ ಆಯ್ಕೆ ಸರಿಬರಲಿಲ್ಲ. "ಆ ದಪ್ಪಗಿರೋ ಇಬ್ಬರನ್ನು ಹಾಕೋ, ಬೇಗ ತುಂಬುತ್ತೆ. ಈ ಸೌದೆ ಯಾಕೆ ತಂದೆ?"

"ಸಣ್ಣ ಸಣ್ಣ ತೂಕ ಇದ್ದರೆ ಸಮನಾಗಿ ಹಂಚಬಹುದು ಸಾರ್."

ಎಂಟು ಜನ ಸಾಲಲಿಲ್ಲ. ಆ ಮೈಗಳಲ್ಲಿ ಏನಿತ್ತು ತೂಗಲು? ಅವನು ಒಬ್ಬೊಬ್ಬರನ್ನೂ ಕಣ್ಣಲ್ಲೇ ಅಳೆದು, ಕೂಡಿ, ಮತ್ತೆ ಮೆಟ್ಟಿಲಿಗೆ ಹೋಗಿ ಇನ್ನೂ ಮೂವರನ್ನು ಕರೆತಂದ. ಹನ್ನೊಂದು ಜನ, ಬೆನ್ನಿಗೆ ಹೊಟ್ಟೆ ತಾಗಿಸಿಕೊಂಡು ನಿಂತರು. ಇದಕ್ಕೇನು ಟಿಕೇಟಾ ಎಂದು ಊರುಗೋಲಿನವನು ಕೇಳಿದ. ಬಿದ್ದರೆ ರಹದಾರಿ ಇಲ್ಲದೆ ನೇರ ಹೋಗಬಹುದಲ್ಲ ತಾತಾ ಎಂದು ಬಸುರಿ ಹೇಳಿದಳು. ಯಾರೋ ನಕ್ಕರು. ಬೀಳೋದಿಲ್ಲ ಎಂದು ಲಿಫ್ಟಿನವನು ಕಂಬಿ ಬಾಗಿಲು ಎಳೆದ, ಚೀಲ ಕಾಲ ಬಳಿ ಇಟ್ಟುಕೊಂಡು ಗುಂಡಿ ಒತ್ತಿದ. ಒಂದು, ಎರಡು, ಮೂರು. ಅಕ್ಕ ಕಂಬಿಯ ಸಂದಿನಿಂದ, ತಾನು ಕಳೆದ ತಿಂಗಳು ಕೂತಿದ್ದ ಅಂತಸ್ತು ಕೆಳಗಿಳಿದುಹೋಗುವುದನ್ನು ನೋಡಿದಳು. ಐದರಲ್ಲಿ ಪೆಟ್ಟಿಗೆ ನಿಂತಿತು. ಅವನ ಕೈ ತಾನಾಗಿ ಕೆಳಗೆ ಹೋಗಿ ಸಂದನ್ನು ಸವರಿತು. ಸಮನಾಗಿತ್ತು.

ಜನ ಹೊರಗಿಳಿದು ಕೌಂಟರಿನ ಕಡೆ ಹೋದರು. ಕೌಂಟರ್ ಲಿಫ್ಟಿನಿಂದ ಹದಿನೈದು ಹೆಜ್ಜೆ. ಅಕ್ಕನ ಸಂಖ್ಯೆ ಆಗಲೇ ಎರಡು ಸಲ ಕೂಗಿಯಾಗಿತ್ತು. ಮೂರನೆಯ ಸಲಕ್ಕೆ ಅವಳು ಗಾಜಿನ ಮುಂದಿದ್ದಳು. ಲಿಫ್ಟಿನವನು ಪೆಟ್ಟಿಗೆಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಗುಮಾಸ್ತ ಅರ್ಜಿ ಓದಿ, ಹತ್ತಿರದ ಸಂಬಂಧಿಗಳ ಪಟ್ಟಿ ನೋಡಿದ. ಗಂಡ, ಹೆಂಡತಿ, ತಂದೆ, ತಾಯಿ, ಮದುವೆಯಾಗದ ಮಕ್ಕಳು. ಮಗಳಿಗೆ ಮದುವೆಯಾಗಿದೆಯಲ್ಲ, ಪಟ್ಟಿಯಲ್ಲಿ ಬರುವುದಿಲ್ಲ ಎಂದ. ಮದುವೆಯಾದರೆ ಮಗಳಲ್ಲವೇ ಎಂದು ಅಕ್ಕ ಕೇಳಿದಳು. ಮಗಳೇ ಅಜ್ಜಿ, ಆದರೆ ಹತ್ತಿರದವಳಲ್ಲ ಎಂದ. ಸಂಕಟಪಟ್ಟುಕೊಂಡೇ ಹೇಳಿದ, ದಾರಿಯನ್ನೂ ತೋರಿಸಿದ: ಅವಳಿಗೆ ನೀವು ತಾಯಿ, ಪಟ್ಟಿಯಲ್ಲಿದ್ದೀರಿ, ಅವಳು ಅಲ್ಲಿಂದ ಅರ್ಜಿ ಹಾಕಲಿ, ಅವಳೇ ಬಂದು ನಿಮ್ಮನ್ನು ನೋಡಬಹುದು. ಮಗಳಿಗೆ ತಾಯಿ ಹತ್ತಿರ, ತಾಯಿಗೆ ಮಗಳು ದೂರ.

"ಅವಳು ಹಾಸಿಗೆ ಬಿಟ್ಟು ಏಳೋ ಹಾಗಿಲ್ಲಪ್ಪ," ಎಂದಳು ಅಕ್ಕ.

"ಎದ್ದ ಮೇಲೆ ಹಾಕಲಿ."

ಅವನು ಮೊಹರು ಒತ್ತಿದ. ಅಕ್ಕ ಅರ್ಜಿಯನ್ನು ನಾಲ್ಕಾಗಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗಳು ಇನ್ನು ಹನ್ನೊಂದು ದಿನ ಬದುಕಿದ್ದಳೆಂದೂ ಕೊನೆಗೆ ಬಾಗಿಲ ಕಡೆ ಮುಖ ಮಾಡಿ ಮಲಗಿಸಿ ಎಂದಳೆಂದೂ ಅಳಿಯ ಆಮೇಲೆ ಬರೆದ. ಆ ಕಾಗದ ತಲುಪಿದ್ದು ಮುಂದಿನ ತಿಂಗಳು.

ಸೂಪರಿಂಟೆಂಡೆಂಟ್ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಪರೀಕ್ಷೆ ಮುಗಿಯಿತಲ್ಲ, ಇಳಿಸು, ಸಾಹೇಬರ ಕಾರು ಬರುವ ಹೊತ್ತಾಯಿತು ಎಂದರು. ಆಗ ಹನ್ನೆರಡಕ್ಕೆ ಕಾಲು ಗಂಟೆ ಇತ್ತು.

"ಬ್ರೇಕಿನ ಪರೀಕ್ಷೆ ಇಳಿಯುವಾಗಲೇ ಸಾರ್. ಭಾರದ ಜೊತೆ ಇಳಿಯಬೇಕು."

"ಹಾಗಾದರೆ ಇಲ್ಲಿರೋ ಯಾರನ್ನಾದರೂ ತುಂಬಿಕೋ."

"ಆಗಲ್ಲ. ಅಳೆದ ಭಾರ ಅದು. ಹತ್ತಿದ್ದೇ ಇಳಿಯಬೇಕು, ಬದಲಾಯಿಸಿದರೆ ಮೊದಲಿಂದ ಮಾಡಬೇಕು."

ಅಂಥ ನಿಯಮವಿರಲಿಲ್ಲ. ಐನೂರ ನಲವತ್ತನಾಲ್ಕು ಕಿಲೋ ಯಾರದಾದರೂ ಐನೂರ ನಲವತ್ತನಾಲ್ಕು ಕಿಲೋನೇ. ಸೂಪರಿಂಟೆಂಡೆಂಟಿಗೆ ಅದು ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಒಂದು ಬಾಣವನ್ನೂ ಮೀರದ ಮನುಷ್ಯ ಸುಳ್ಳು ಹೇಳಬಹುದೆಂದು ಅವರಿಗೆ ತೋಚಲೂ ಇಲ್ಲ. ಕೌಂಟರಿನಲ್ಲಿ ಇನ್ನೂ ಹತ್ತು ಜನ ಬಾಕಿಯಿದ್ದರು. ಬೇಗ ಬೇಗ ಕೂಗಿ ಎಂದು ಗುಮಾಸ್ತನಿಗೆ ಗದರಿ, ಅವರು ಸಾಹೇಬರನ್ನು ಎದುರುಗೊಳ್ಳಲು ಮತ್ತೆ ಮೆಟ್ಟಿಲಿಳಿದು ಓಡಿದರು.

ಅಕ್ಕ ಗೋಡೆ ಹಿಡಿದುಕೊಂಡು ಲಿಫ್ಟಿನ ಬಳಿಗೆ ಬಂದಳು. ಅಳುತ್ತಿರಲಿಲ್ಲ. ಕೂರಲು ಎಲ್ಲೂ ಜಾಗವಿರಲಿಲ್ಲ. ಲಿಫ್ಟಿನವನು ಚೀಲವನ್ನು ಕಂಬಿ ಬಾಗಿಲ ಹಳಿಯ ಮೇಲೆ ಅಡ್ಡ ಇಟ್ಟ, ಬಾಗಿಲು ಮುಚ್ಚದ ಹಾಗೆ; ಬಾಗಿಲು ತೆರೆದಿದ್ದರೆ ಕೆಳಗಿನಿಂದ ಕರೆದರೂ ಪೆಟ್ಟಿಗೆ ಕದಲುವುದಿಲ್ಲ. ಅದರ ಮೇಲೆ ಅವಳನ್ನು ಕೂರಿಸಿದ. ಒಳಗಿದ್ದ ಸ್ಪ್ಯಾನರುಗಳು ಅವಳ ಭಾರಕ್ಕೆ ಕರಕರ ಎಂದವು.

"ಇಳಿಯೋಣವೇನೋ?" ಎಂದಳು.

"ಇನ್ನೂ ಹತ್ತು ಜನ ಬರಬೇಕು."

"ಅವರಿಗೂ ಇಲ್ಲ ಅಂತಾನೇ ಅನ್ನೋದು."

"ಅನ್ನಲಿ."

ಊರುಗೋಲಿನವನ ಅರ್ಜಿಗೆ ಇಲ್ಲ ಎಂದರು. ಉಸಿರಿನ ಕಾಯಿಲೆಯವಳಿಗೆ ಇನ್ನೊಂದು ಕಾಗದ ತಾ ಎಂದರು. ಆಗ ಪೆಟ್ಟಿಗೆಯೊಳಗಿನ ಗಂಟೆ ಬಾರಿಸಿತು. ಕೆಳಗೆ ಯಾರೋ ಗುಂಡಿ ಒತ್ತಿದ್ದರು. ಸ್ವಲ್ಪ ಬಿಟ್ಟು ಮತ್ತೆ ಬಾರಿಸಿತು, ಆಮೇಲೆ ನಿಲ್ಲದೆ ಬಾರಿಸಿತು. ಕೌಂಟರಿನ ಗುಮಾಸ್ತ ತಲೆಯೆತ್ತಿ ಲಿಫ್ಟಿನ ಕಡೆ ನೋಡಿದ, ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಲಿಫ್ಟಿನವನ ಕುತ್ತಿಗೆ ಬೆವರಿ ಅಂಗಿ ಅಂಟಿಕೊಂಡಿತ್ತು. ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಗಂಟೆಯ ಮುಚ್ಚಳ ಬಿಚ್ಚಿ, ಎರಡು ತಂತಿಗಳಲ್ಲಿ ಒಂದನ್ನು ಕಳಚಿದ. ತುದಿಯನ್ನು ಯಾರಿಗೂ ತಾಗದ ಹಾಗೆ ಮಡಿಚಿ, ಮುಚ್ಚಳ ಹಾಕಿ, ಸ್ಕ್ರೂ ಬಿಗಿಮಾಡಿದ.

ಗುಮಾಸ್ತ ಮುಂದಿನ ಸಂಖ್ಯೆ ಕೂಗಿದ. ಬಸುರಿ ಗಾಜಿನ ಮುಂದೆ ಹೋದಳು.